ಇಂಧನ ವ್ಯವಸ್ಥೆಯಲ್ಲಿ ವಾಯುಪ್ರವೇಶದ ತಾತ್ವಿಕ ನೆಲೆಗಳು: ಹಳ್ಳಿಖೇಡ (ಬಿ)ಯನ್ನು ಅನುಲಕ್ಷಿಸಿ

ಡೀಸೆಲ್ ಲಾರಿಯು ಬೆಳಗಿನ ಹೊತ್ತು ಚಾಲೂ ಆಗದಿರುವ ವಿದ್ಯಮಾನವನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿಟ್ಟು, ಅದರ ಸಂಕಥನದೊಂದಿಗೆ ಮುಖಾಮುಖಿಯಾಗುವುದು ಈ ಗೋಷ್ಠಿಯಲ್ಲಿ ಮಂಡಿಸುತ್ತಿರುವ ಪ್ರಬಂಧದ ವಿನಮ್ರ ಪ್ರಯತ್ನ. ವ್ಯಾಪ್ತಿ: ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡ (ಬಿ). ಮಿತಿ: ಲೇಖಕ. ಉದ್ದೇಶ: ಬಡ್ತಿ.

ಪೂರ್ವಾಧ್ಯಯನಗಳ ಸಮೀಕ್ಷೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ 100 ಅಧ್ಯಾಯಗಳಿವೆ. ಆನೆಯಿಂದ ಅಡುಗೆಯವರೆಗೆ ಎಲ್ಲವೂ ಇದೆ, ಡೀಸೆಲ್ ಇಲ್ಲ. ಈ ಮೌನವನ್ನು ಹೇಗೆ ಓದಬೇಕು? ನಲವತ್ತು ಪುಟಗಳಲ್ಲಿ ಓದಬೇಕೆಂದು ನನ್ನ ಮಾರ್ಗದರ್ಶಕರು ಸೂಚಿಸಿದ್ದಾರೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ತನ್ನ ಎಂಜಿನ್ ಓಡಿಸಿ ತೋರಿಸುವಾಗ ಸೋಮೇಶ್ವರ ತೀರಿಕೊಂಡು ಏಳೂವರೆ ಶತಮಾನವಾಗಿತ್ತು. ಆದರೂ ಪ್ರಭಾವವನ್ನು ಅಲ್ಲಗಳೆಯುವಂತಿಲ್ಲ.

ವರ್ಗೀಕರಣ. ನಮ್ಮ ಪರಂಪರೆ ದೇಹದೊಳಗಿನ ವಾಯುವನ್ನು ಐದಾಗಿ ಗುರುತಿಸಿದೆ. ಲಾರಿಯೂ ಒಂದು ದೇಹವೇ. ಒಂದು, ಪ್ರಾಣವಾಯು: ಟ್ಯಾಂಕಿಯ ಸಣ್ಣ ರಂಧ್ರದಿಂದ ಒಳಹೋಗುವ ಗಾಳಿ. ಇದು ಬೇಕೇ ಬೇಕು. ಕಬ್ಬಿನ ಹೊಲದ ಮಣ್ಣು ಮೆತ್ತಿ ರಂಧ್ರ ಮುಚ್ಚಿದರೆ ಟ್ಯಾಂಕಿಯೊಳಗೆ ನಿರ್ವಾತವಾಗಿ, ಡೀಸೆಲ್ ಬಾರದೆ, ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಎರಡು, ಉದಾನ: ಫಿಲ್ಟರಿನ ತಲೆ ಮೇಲಿನ ಏರ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಹೊಡೆದಾಗ ನೊರೆನೊರೆಯಾಗಿ ಮೇಲೇಳುವುದು. ಮೂರು, ಅಪಾನ: ಮಿಕ್ಕ ಡೀಸೆಲ್ಲಿನೊಡನೆ ರಿಟರ್ನ್ ಪೈಪಿನಲ್ಲಿ ಹೊರಹೋಗುವುದು, ಸಭೆಯಲ್ಲಿ ಮಹಿಳೆಯರಿರುವುದರಿಂದ ವಿವರಿಸುವುದಿಲ್ಲ. ವ್ಯಾನ, ಸಮಾನಗಳಿಗೆ ಗಾಳಿ ಸಾಲಲಿಲ್ಲ. ಅವನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇನೆ, ಅವರಿಗೂ ಬಡ್ತಿ ಬೇಕು.

ಕ್ಷೇತ್ರಕಾರ್ಯ. ಕೆಎ-56ರ ಹಳೆಯ ಲಾರಿಯೊಂದು ರಸ್ತೆ ಬದಿಗೆ ನಿಂತಿತ್ತು. ಚಾಲಕ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಸುಸ್ತಾಗಿತ್ತು. ಇಂಧನ ಪ್ರವಾಹದ ವಿಚ್ಛಿನ್ನತೆಯ ಕುರಿತು ತಮ್ಮ ಗ್ರಹಿಕೆಯೇನೆಂದು ಮಿಸ್ತ್ರಿಯನ್ನು ಕೇಳಿದೆ.

“ಏರ್ ಹಿಡದದ ರೀ ಸರ.”

ಇದನ್ನು ಸೈದ್ಧಾಂತಿಕವಾಗಿ ವಿಸ್ತರಿಸಿರೆಂದೆ. ಅವರು ಕೈ ಒರೆಸಿಕೊಂಡರು. “ಫೀಡ್ ಪಂಪಿನ ಮುಂದ ಲೀಕ್ ಇದ್ರ ಡೀಸೆಲ್ ಹೊರಗ ಬರ್ತದ, ಕಣ್ಣಿಗಿ ಕಾಣ್ತದ. ಹಿಂದ ಇದ್ರ ಏನೂ ಹೊರಗ ಬರಂಗಿಲ್ಲ, ಗಾಳಿನೇ ಒಳಗ ಹೋಗ್ತದ. ಹಸೀ ಜಾಗ ಬಿಡ್ರಿ, ಒಣಾ ಇದ್ದದ್ದು ನೋಡ್ರಿ.”

ಫೀಡ್ ಪಂಪ್ ಟ್ಯಾಂಕಿಯಿಂದ ಡೀಸೆಲ್ಲನ್ನು ಹೀರುತ್ತದೆ. ಆ ಪೈಪಿನ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಕೂದಲೆಳೆಯಷ್ಟು ಸಂದು ಸಾಕು, ಹನಿಯೂ ಸೋರದೆ ಗಾಳಿ ನುಗ್ಗುತ್ತದೆ. ರಾತ್ರಿ ಗಾಡಿ ನಿಂತಾಗ ಪೈಪಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಬೆಳಿಗ್ಗೆ ಪಂಪು ಒತ್ತುವುದು ಗಾಳಿಯನ್ನು. ಗಾಳಿ ಮುದುಡಿಕೊಳ್ಳುತ್ತದೆ, 200 ಬಾರ್ ಆಸುಪಾಸಿನಲ್ಲಿ ತೆರೆಯಬೇಕಾದ ನೋಜಲ್ ತೆರೆಯುವುದೇ ಇಲ್ಲ.

ಮಿಸ್ತ್ರಿ ಟ್ಯಾಂಕಿಯ ಪೈಪನ್ನು ಪಂಪಿನಿಂದ ಕಳಚಿ, ಆ ಜಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಪೈಪು ಹಾಕಿ, ಅದರ ಇನ್ನೊಂದು ತುದಿಯನ್ನು ಡೀಸೆಲ್ ಕ್ಯಾನಿಗೆ ಇಳಿಬಿಟ್ಟರು. ಹ್ಯಾಂಡ್ ಪಂಪ್ ಹೊಡೆದು ಏರ್ ತೆಗೆದರು. ಪೈಪಿನಲ್ಲಿ ಗುಳ್ಳೆಯಿಲ್ಲ, ಗಾಡಿ ಚಾಲೂ. ಅಲ್ಲಿಗೆ ಪಂಪು, ಫಿಲ್ಟರು, ನೋಜಲ್ಲು ನಿರ್ದೋಷಿಗಳು. ತಪ್ಪಿತಸ್ಥ ಟ್ಯಾಂಕಿಗೂ ಪಂಪಿಗೂ ನಡುವೆ ಎಲ್ಲೋ ಇದ್ದಾನೆ. ಸಿಕ್ಕಿದ್ದು ಬೋಲ್ಟಿನಡಿ ಚಪ್ಪಟೆಯಾದ ತಾಮ್ರದ ವಾಸರ್. ಒಂದೊಂದನ್ನೇ ಬದಿಗಿಟ್ಟು ಉಳಿದದ್ದನ್ನು ಹಿಡಿಯುವ ಈ ಕ್ರಮಕ್ಕೆ ವಿಶ್ವವಿದ್ಯಾಲಯಗಳಲ್ಲಿ ‘ಸಂಶೋಧನಾ ವೈಧಾನಿಕತೆ’ ಎನ್ನುತ್ತಾರೆ. ನಾನು ಮೌಲ್ಯಮಾಪನ ಮಾಡಿದ ಪ್ರಬಂಧಗಳಲ್ಲಿ ಆ ಅಧ್ಯಾಯ ಪಕ್ಕದ ಪ್ರಬಂಧದಿಂದ ಬಂದಿರುತ್ತದೆ.

ಒಂದು ಸಂಗತಿ ಬಿಟ್ಟೆ. ಆ ಕ್ಯಾನಿಗೆ ಡೀಸೆಲ್ ತುಂಬಿಸಿದ್ದು ಕ್ಲೀನರ್ ಹುಡುಗ, ಪೈಪನ್ನು ಬಾಯಿಂದ ಎಳೆದು. ಉಗಿದ, ಕೆಮ್ಮಿದ, ಮತ್ತೆ ಎಳೆದ. ಆ ಡೀಸೆಲ್ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ. ಇದಕ್ಕೆ ಯಾವ ಆಯಾಮ? ಯಾವ ನೆಲೆ? ‘ಕಲ್ಯಾಣ ಕರ್ನಾಟಕದ ದೇಸಿ ಜ್ಞಾನಪರಂಪರೆ’ ಎಂದು ವರ್ಷವಿಡೀ ಗೋಷ್ಠಿ ನಡೆಸುತ್ತೇವೆ. ಬಸವಕಲ್ಯಾಣದ ಆಟೋ ನಗರ, ಸಸ್ತಾಪುರ ಬಂಗ್ಲಾ ದಾಟಿ 65ನೇ ಹೆದ್ದಾರಿಯಲ್ಲಿ ಕಾರಿನ ಗಾಜು ಏರಿಸಿಕೊಂಡೇ ಬರುತ್ತೇವೆ. ಸಂವಿಧಾನದ 371(ಜೆ) ವಿಧಿ ಬಂತು, 2019ರಲ್ಲಿ ಪ್ರದೇಶಕ್ಕೆ ಹೊಸ ಹೆಸರೂ ಬಂತು. ಆ ಮಿಸ್ತ್ರಿಯ ಕಪಾಟಿನಲ್ಲಿದ್ದ ಫಿಲ್ಟರ್ ಡಬ್ಬಿಗಳ ಮೇಲೆ ಮಾತ್ರ ಕನ್ನಡದ ಒಂದಕ್ಷರವಿರಲಿಲ್ಲ.

2020ರ ಏಪ್ರಿಲ್ 1ರಿಂದ ಮಾರಾಟವಾಗುವುದು ಬಿಎಸ್-6 ಗಾಡಿಗಳು. ಅವುಗಳ ಕಾಮನ್ ರೈಲಿನಲ್ಲಿ 1,600 ಬಾರ್ ದಾಟುವ ಒತ್ತಡ. ಹಳೆಯ ಗಾಡಿಯಂತೆ ಸೆಲ್ಫ್ ಹೊಡೆಯುತ್ತ ನೋಜಲ್ ಪೈಪಿನ ನಟ್ಟು ಸಡಿಲಿಸಿದರೆ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಒಳಗೆ ಮಾಂಸ ಸಾಯುತ್ತದೆ. ತಕ್ಷಣ ಶಸ್ತ್ರಚಿಕಿತ್ಸೆ ಬೇಕು. ಹಾಗಾಗಿ ಮಿಸ್ತ್ರಿ ಅಣ್ಣಾ, ಹೊಸ ಗಾಡಿಯ ಆ ನಟ್ಟಿಗೆ ಪಾನಾ ಹಾಕಬೇಡ. ಟ್ಯಾಂಕಿ, ಫಿಲ್ಟರ್ ಕಡೆಯ ಏರ್ ಮಾತ್ರ ತೆಗಿ. ಡೀಸೆಲ್ ಎಳೆಯಲು ಕೈಯಿಂದ ಒತ್ತುವ ರಬ್ಬರ್ ಪಂಪು ಸಿಗುತ್ತದೆ, ಅದನ್ನು ತಗೊ. ಹುಡುಗನ ಬಾಯಿಗೆ ಪೈಪು ಕೊಡಬೇಡ.

ಭಾಷೆಯಲ್ಲಿ ಅಕಾಡೆಮಿಕ್ ಶಿಸ್ತು ಕಾಯ್ದುಕೊಳ್ಳುವಂತೆ ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಸಮಯವೂ ಆಯಿತಂತೆ. ವ್ಯಾನವಾಯುವಿನ ಕುರಿತು ಪ್ರಶ್ನೆಯಿರುವವರು ಊಟದ ನಂತರ ಕೇಳಬಹುದು. ಪ್ರಮಾಣಪತ್ರಗಳನ್ನು ಕೈತೊಳೆಯುವ ಜಾಗದ ಪಕ್ಕದ ಮೇಜಿನಲ್ಲಿ ಕೊಡುತ್ತಿದ್ದಾರೆ.