ಹಿಡಿಯೊಳಗಿನ ಅಗೋಚರ ಉಕ್ಕು: ಮೋರಾ ಚಾಕುವಿನ ಪ್ರಾಚೀನ, ನವೀನ ಪಾಠಗಳ ತೌಲನಿಕ ವಿಮರ್ಶೆ

ಸ್ವೀಡನ್ ದೇಶದ ದಾಲಾರ್ನಾ ಪ್ರಾಂತ್ಯ, ಸಿಲ್ಯಾನ್ ಸರೋವರದ ದಂಡೆ, ಅಲ್ಲಿ ಮೋರಾ ಎಂಬ ಊರು, ಊರಿಗೆ ತಾಗಿ ಓಸ್ಟ್‌ನೋರ್ ಎಂಬ ಹಳ್ಳಿ. ಈ ಕ್ಷೇತ್ರಮಹಿಮೆ ಅರಿಯದವರಿಗೆ ಮುಂದಿನ ಪುಟ ಓದುವ ಅಧಿಕಾರವಿಲ್ಲ. ಅಮೆರಿಕಕ್ಕೆ ಹೋಗಿ ಮರಳಿದ ಫ್ರಾಸ್ಟ್ ಎರಿಕ್ ಎರ್ಸನ್ 1891ರಲ್ಲಿ ಇಲ್ಲಿ ಕಾರ್ಖಾನೆ ತೆರೆದ. ಮಾಡಲು ಹೊರಟದ್ದು ದಿಮ್ಮಿ ಎಳೆಯುವ ಜಾರುಬಂಡಿ. ಚಾಕು ಬಿಡುವಿನ ಕಸುಬು. ಮಹಾಗ್ರಂಥಗಳು ಹುಟ್ಟುವುದೇ ಹೀಗೆ. 1912ರಲ್ಲಿ ಅದೇ ಹಳ್ಳಿಯಲ್ಲಿ ಕ್ರೋಂಗ್ ಯೋಹಾನ್ ಎರಿಕ್ಸನ್ ಎರಡನೆಯ ಪೀಠ ಸ್ಥಾಪಿಸಿದ. 2005ರಲ್ಲಿ ಎರಡೂ ಪೀಠಗಳು ಒಂದಾದವು. ಗುರುಪರಂಪರೆಯ ವಿಷಯದಲ್ಲಿ ವಿವಾದವಿಲ್ಲ, ವಿವಾದವೆಲ್ಲ ಪಾಠಾಂತರಗಳದ್ದು.

ಮೂಲಪಾಠವೆಂದು ಹಿರಿಯರು ಒಪ್ಪುವುದು ‘ಕ್ಲಾಸಿಕ್ 1’ ಎಂಬ ಪ್ರತಿಯನ್ನು. ಬರ್ಚ್ ಮರದ ಹಿಡಿ, ಅದಕ್ಕೆ ಕೆಂಪು ಬಣ್ಣ, ಮುಂದೆ ಕಾರ್ಬನ್ ಉಕ್ಕಿನ ಅಲಗು. ಬೆರಳು ಜಾರಿ ಅಲಗಿನ ಮೇಲೆ ಬೀಳದಂತೆ ತಡೆಯುವ ಉಬ್ಬು ಇದರಲ್ಲಿಲ್ಲ. ಪ್ರಾಚೀನಪಕ್ಷದವರು ಇದನ್ನು ಕೊರತೆ ಎನ್ನುವುದಿಲ್ಲ. ಜಾರುವುದು ಬೆರಳಿನ ಸ್ವಭಾವ, ಅದಕ್ಕೆ ಚಾಕು ಏಕೆ ಹೊಣೆಯಾಗಬೇಕು ಎಂಬುದು ಅವರ ವಾದ. ನವೀನ ಪಾಠವಾದ ‘ಕಂಪ್ಯಾನಿಯನ್’ನಲ್ಲಿ ರಬ್ಬರಿನಂಥ ಹಿಡಿ ಉಂಟು, ತಡೆಯುವ ಉಬ್ಬೂ ಉಂಟು. ಇದು ಸ್ಪಷ್ಟವಾಗಿ ಪ್ರಕ್ಷಿಪ್ತ. ಬೆರಳಿನ ಮೇಲಿನ ಕರುಣೆಯಿಂದ ಯಾರೋ ನಂತರ ಸೇರಿಸಿದ್ದು.

ತುಕ್ಕಿನ ಅಧ್ಯಾಯವನ್ನು ಹಗುರವಾಗಿ ದಾಟುವಂತಿಲ್ಲ. ತುಕ್ಕು ಹಿಡಿಯದ ಉಕ್ಕಿನ ಕಂಪ್ಯಾನಿಯನ್ ಮಳೆಯಲ್ಲಿ ನೆನೆದರೂ ಬೆಳ್ಳಗೇ ಇರುತ್ತದೆ, ಆದ್ದರಿಂದ ಅದಕ್ಕೆ ಅನುಭವವಿಲ್ಲ. ಕಾರ್ಬನ್ ಅಲಗಿನಲ್ಲಿ ಮಾವಿನಕಾಯಿ ಹೆಚ್ಚಿದರೆ ಸಾಕು, ನೀಲಿ ಬೆರೆತ ಬೂದುಬಣ್ಣ ಏರುತ್ತದೆ. ಮನೆಯ ಈಳಿಗೆಮಣೆಯ ಮೇಲೆ ಅದೇ ಬಣ್ಣ ಕಂಡಾಗ ಹುಣಸೆಹಣ್ಣು ಹಾಕಿ ತಿಕ್ಕಿರೆಂದು ಗೊಣಗುವ ಗೃಹಸ್ಥನೇ ಇಲ್ಲಿ ಅಲಗಿಗೆ ವಿನಿಗರ್ ಸವರಿ, ಬಣ್ಣ ಬರುವವರೆಗೆ ಕಾದು ಕೂರುತ್ತಾನೆ.

ಇನ್ನು ಮುಖ್ಯ ಪ್ರಮೇಯ. ಅಲಗಿನ ಬಾಲ ಹಿಡಿಯೊಳಗೆ ಎಷ್ಟು ದೂರ ಹೋಗಿದೆ? ಕಣ್ಣಿಗೆ ಕಾಣದ ವಸ್ತುವಾದ್ದರಿಂದ ಇಲ್ಲಿ ಪ್ರತ್ಯಕ್ಷ ಪ್ರಮಾಣ ನಡೆಯದು. ಅನುಮಾನ ಮತ್ತು ಶಬ್ದಗಳೇ ಗತಿ. 2016ರ ಸುಮಾರಿಗೆ ಬಂದ ‘ಗಾರ್ಬರ್ಗ್’ ಎಂಬ ಪಾಠದಲ್ಲಿ ಉಕ್ಕು ಹಿಡಿಯ ಉದ್ದಕ್ಕೂ ಸಾಗಿ ಹಿಂಬದಿಯಿಂದ ಹೊರಗೆ ಇಣುಕುತ್ತದೆ. ಉಕ್ಕೊಂದೇ ಸತ್ಯ, ಹಿಡಿ ಮಿಥ್ಯೆ: ಶುದ್ಧ ಅದ್ವೈತ, ಶೃಂಗೇರಿಯಲ್ಲಿ ಪ್ರಶ್ನೆ ಏಳಲಾರದು. ಕೆಂಪು ಹಿಡಿಯ ಹಳೆಯದರಲ್ಲಿ ಸಣ್ಣ ಬಾಲವೊಂದು ಮರದೊಳಗೆ ಹೊಕ್ಕು ಕೂತಿದೆ. ಮರ ಶರೀರ, ಉಕ್ಕು ಶರೀರಿ: ಮೇಲುಕೋಟೆಯ ಕಡೆಯವರು ತಲೆದೂಗುತ್ತಾರೆ. ಕಂಪ್ಯಾನಿಯನ್ನಿನಲ್ಲಿ ಬಾಲ ತುದಿ ಮುಟ್ಟದೆ ಒಳಗೇ ನಿಂತುಬಿಡುತ್ತದೆ. ಅಲಗು ಬೇರೆ, ಹಿಡಿ ಬೇರೆ, ಭೇದ ನಿತ್ಯ. ಇದು ಉಡುಪಿಯ ಸಿದ್ಧಾಂತವಾದ್ದರಿಂದ ತಾರತಮ್ಯವನ್ನೂ ಒಪ್ಪಲೇಬೇಕು: ಗಾರ್ಬರ್ಗಿನ ಬೆಲೆ ಕಂಪ್ಯಾನಿಯನ್ನಿನ ಹಲವು ಪಟ್ಟು. ಹಿಡಿಯನ್ನು ಸೀಳಿ ನೋಡಿದರೆ ಸತ್ಯ ತಿಳಿಯುತ್ತದೆ. ಆದರೆ ಆಗ ಚಾಕು ಉಳಿದಿರುವುದಿಲ್ಲ. ಮೂರೂ ಮತದವರು ಮೋಕ್ಷದ ಬಗ್ಗೆ ಹೇಳುವುದೂ ಸುಮಾರಾಗಿ ಇದನ್ನೇ ಎಂದು ನನ್ನ ಗುಮಾನಿ.

ಬಾಲದ ಉದ್ದ ಯಾಕೆ ಬೇಕು ಎಂದು ಲೌಕಿಕರು ಕೇಳಬಹುದು. ಸೌದೆ ಸೀಳಲು. ಚಾಕುವನ್ನು ಕೊರಡಿನ ನೆತ್ತಿಯ ಮೇಲಿಟ್ಟು, ಅದರ ಬೆನ್ನಿಗೆ ಇನ್ನೊಂದು ಕೊರಡಿನಿಂದ ಹೊಡೆಯುವುದು ಶಾಸ್ತ್ರಸಮ್ಮತ ಪರೀಕ್ಷೆ. ಕೊಡಲಿಯನ್ನು ಮನೆಯಲ್ಲೇ ಬಿಟ್ಟು ಬಂದಿರಬೇಕು ಎಂಬುದು ಇದರ ಮೊದಲ ನಿಯಮ. ಸಾಮಾನ್ಯ ಕಂಪ್ಯಾನಿಯನ್ನಿನ ತುಕ್ಕು ಹಿಡಿಯದ ಅಲಗು 2.5 ಮಿ.ಮೀ. ದಪ್ಪ, ಅದರ ದಪ್ಪನೆಯ ಅಣ್ಣನದು 3.2. ನಡುವಿನ 0.7 ಮಿ.ಮೀ. ಅಂತರದಲ್ಲಿ ವಿದ್ವತ್ ಜಗತ್ತು ಎರಡು ಪಾಲಾಗಿದೆ. ತೆಳು ಅಲಗು ಮರವನ್ನು ಚೆನ್ನಾಗಿ ಕೆತ್ತುತ್ತದೆ, ದಪ್ಪ ಅಲಗು ಪೆಟ್ಟನ್ನು ಚೆನ್ನಾಗಿ ತಿನ್ನುತ್ತದೆ. ಇಷ್ಟು ಸರಳವಾಗಿ ಹೇಳಿದರೆ ಪ್ರಬಂಧ ಬೆಳೆಯುವುದಿಲ್ಲ.

ಒಂದು ನಿಯಮವನ್ನು ಮಾತ್ರ ಧೈರ್ಯವಾಗಿ ಮಂಡಿಸಬಲ್ಲೆ. ಚಾಕುವಿನ ಗುಣ ಹುಟ್ಟುವುದು ಕುಲುಮೆಯಲ್ಲಲ್ಲ, ಅದರ ತಯಾರಿಕೆ ನಿಂತ ಮರುದಿನ. ಕಂಪ್ಯಾನಿಯನ್ ಬರುವ ಮುಂಚೆ ಅದರ ಜಾಗದಲ್ಲಿ ‘ಕ್ಲಿಪ್ಪರ್’ ಎಂಬುದಿತ್ತು. ಮಾರಾಟದಲ್ಲಿದ್ದಾಗ ಅದು ಅಗ್ಗದ ಪ್ಲಾಸ್ಟಿಕ್ ಹಿಡಿಯ ಚಾಕು. ಅಂಗಡಿಯಿಂದ ಮರೆಯಾದ ಮೇಲೆ ಅದರ ಹಿಡಿಯಲ್ಲಿ ಹಿತ, ಉಕ್ಕಿನಲ್ಲಿ ಸತ್ವ, ಒರೆಯಲ್ಲಿ ಕೂಡ ಒಂದು ಬಗೆಯ ಪ್ರಾಮಾಣಿಕತೆ ಕಂಡುಬಂದಿದೆ. ಈ ನಿಯಮದ ಪ್ರಕಾರ ಇಂದಿನ ಕಂಪ್ಯಾನಿಯನ್ನಿಗೂ ಭವಿಷ್ಯವಿದೆ. ಯಾರಾದರೂ ಅದನ್ನು ನಿಲ್ಲಿಸಬೇಕಷ್ಟೆ.

ಸ್ವೀಡನ್ನಿನ ಬಡಗಿಗಳೂ ಎಲೆಕ್ಟ್ರಿಷಿಯನ್‌ಗಳೂ ಈ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋಗುವುದುಂಟು. ಹಳೆಯದು ಹೋದರೆ ಹೊಸದನ್ನು ತರುತ್ತಾರೆ, ಬಣ್ಣವನ್ನೂ ನೋಡದೆ. ಅವರ ಅಭಿಪ್ರಾಯವನ್ನು ಈ ಅಧ್ಯಯನದಲ್ಲಿ ಪರಿಗಣಿಸಿಲ್ಲ. ಚಾಕುವನ್ನು ದಿನವೂ ಬಳಸುವವರನ್ನು ನಿಷ್ಪಕ್ಷಪಾತಿಗಳೆಂದು ನಂಬಲಾಗದು.