ಮೊದಲು ಮಾತ್ರೆ, ಆಮೇಲೆ ಕಾಫಿ

ಈಗ ಬೆಳಿಗ್ಗೆ ಯಾರ ಮನೆಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತೆ ನೋಡಿ: "ಇನ್ನೂ ಅರ್ಧ ಗಂಟೆ ಆಗಿಲ್ಲ, ತಡೀರಿ." ಡಿಕಾಕ್ಷನ್ ಇಳಿದಿರುತ್ತೆ, ಹಾಲು ಉಕ್ಕಿರುತ್ತೆ, ಮನೆಯಾಕೆ ಮಾತ್ರ ಲೋಟ ಮುಟ್ಟಲ್ಲ. ಥೈರಾಯ್ಡ್ ಮಾತ್ರೆ ನುಂಗಿ ಕೂತಿದ್ದಾರೆ. ಹಿಂದೆಯೇ ಕಾಫಿ ಕುಡಿದರೆ ಮಾತ್ರೆ ಮೈಗೆ ಹತ್ತಲ್ಲವಲ್ಲ! ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಾದರೆ ನಾಲ್ಕು ಗಂಟೆ ದೂರವೇ ಇರಬೇಕು. 100 ಮೈಕ್ರೋಗ್ರಾಂನ ಥೈರಾಯ್ಡ್ ಮಾತ್ರೆ ಅಂದರೆ ಅದರಲ್ಲಿರೋ ಮದ್ದು ಒಂದು ಗ್ರಾಂನ ಹತ್ತು ಸಾವಿರದಲ್ಲೊಂದು ಪಾಲು. ಅಷ್ಟಕ್ಕೆ ಇಷ್ಟು ಮಡಿ!

ಅದು ಮಾಡೋ ಕೆಲಸ ನೋಡಿದರೆ ಈ ಮಡಿ ಹೆಚ್ಚೇನಲ್ಲ ಬಿಡಿ. ಕತ್ತಿನಲ್ಲಿರೋ ಥೈರಾಯ್ಡ್ ಗ್ರಂಥಿಯ ತೂಕ ಸುಮಾರು 20 ಗ್ರಾಂ. ಎದೆಬಡಿತ, ಮೈಬಿಸಿ, ಹೊಟ್ಟೆ, ಕೂದಲು, ಮುಟ್ಟು, ಮನಸ್ಸು, ಎಲ್ಲದರ ವೇಗಕ್ಕೂ ಅದರ ಹಾರ್ಮೋನು ಬೇಕು, ಮಾತ್ರೆಯಲ್ಲಿರೋದೂ ಅದೇ. ಕಮ್ಮಿಯಾಯಿತೋ, ಬೇಸಿಗೆಯಲ್ಲೂ ಚಳಿ, ಮಲಬದ್ಧತೆ, ದನಿ ಗೊಗ್ಗರು. ಕೆಲವರಿಗೆ ಹುಬ್ಬಿನ ಹೊರತುದಿಯ ಕೂದಲೂ ಉದುರುತ್ತೆ. ಜಾಸ್ತಿಯಾದರೆ ಎಷ್ಟು ಉಂಡರೂ ಸೊರಗೋದು, ಕೈ ನಡುಗೋದು, ನಿದ್ದೆ ಹಾರೋದು.

ರಿಪೋರ್ಟಿನಲ್ಲಿ ಟಿಎಸ್‌ಎಚ್ ಜಾಸ್ತಿ ಅಂತ ಬಂದರೆ ಥೈರಾಯ್ಡ್ ಕಮ್ಮಿ ಅಂತ ಅರ್ಥ. ಇದೇನು ತಿರುಗುಮುರುಗು ಅಂತ ಎಲ್ಲರೂ ಕೇಳ್ತಾರೆ. ಟಿಎಸ್‌ಎಚ್ ಅಂದರೆ ಥೈರಾಯ್ಡನ್ನು ಎಬ್ಬಿಸೋ ಹಾರ್ಮೋನು, ಅದು ಹೊರಡೋದು ಮಿದುಳಿನ ಬುಡದ ಪಿಟ್ಯುಟರಿಯಿಂದ. ಮಗ ಏಳದೆ ಮಲಗಿದಷ್ಟೂ ಅಮ್ಮನ ಕೂಗು ಏರುತ್ತಲ್ಲ, ಹಾಗೆ ಗ್ರಂಥಿ ಮಂಕಾದಷ್ಟೂ ಪಿಟ್ಯುಟರಿಯ ಕೂಗು ಜೋರು.

ಥೈರಾಯ್ಡ್ ಕಮ್ಮಿಯಾಗೋದಕ್ಕೆ ಮೊದಲ ಮದ್ದು ಸಿಕ್ಕಿದ್ದು ಕುರಿಯಿಂದ, ಗೊತ್ತಾ? 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಅನ್ನೋ ವೈದ್ಯರು 46 ವರ್ಷದ ಹೆಂಗಸೊಬ್ಬರಿಗೆ ಕುರಿಯ ಥೈರಾಯ್ಡಿನ ರಸ ಚುಚ್ಚಿದರು. ಊದಿ ಮಂಕಾಗಿದ್ದ ಆಕೆ ಚೇತರಿಸಿಕೊಂಡು 74ರವರೆಗೆ ಬದುಕಿದರು. ಅಷ್ಟು ವರ್ಷಕ್ಕೆ ಬೇಕಾದದ್ದು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ! 1914ರ ಕ್ರಿಸ್‌ಮಸ್ ದಿನ ಅಮೆರಿಕದ ವಿಜ್ಞಾನಿ ಕೆಂಡಾಲ್ ಈ ಗ್ರಂಥಿಯ ಹಾರ್ಮೋನು ಥೈರಾಕ್ಸಿನ್ ಬೇರ್ಪಡಿಸಿದರು. ಈಗಿನ ಮಾತ್ರೆ ಕಾರ್ಖಾನೆಯಲ್ಲೇ ತಯಾರಾಗುತ್ತೆ, ಸಸ್ಯಾಹಾರಿಗಳಿಗೆ ಚಿಂತೆಯಿಲ್ಲ.

ಕುರಿ ಅಂದಾಗ ಉಪ್ಪು ನೆನಪಾಯ್ತು, ಎರಡೂ ಇದೇ ಗ್ರಂಥಿಯ ಕಥೆ ತಾನೇ. ಮಲೆನಾಡಿನ ನಮ್ಮಜ್ಜಿ ಮನೆಯಲ್ಲಿ ಕಲ್ಲುಪ್ಪಿನ ದೊಡ್ಡ ಭರಣಿ ಇತ್ತು. ಊರಲ್ಲಿ ಕತ್ತು ಊದಿದ ಹೆಂಗಸರು ಕೆಲವರಿದ್ದರು, ಸೆರಗು ಹೊದ್ದು ಓಡಾಡೋರು. ಅದೊಂದು ಕಾಯಿಲೆ ಅಂತ ಯಾರೂ ಮಾತಾಡಿದ್ದು ಕೇಳಿಲ್ಲ. ಮಳೆ ಹೆಚ್ಚು ಬೀಳೋ ಬೆಟ್ಟದ ಸೀಮೆಯಲ್ಲಿ ಮಣ್ಣಿನ ಅಯೋಡಿನ್ ಕೊಚ್ಚಿಹೋಗುತ್ತೆ, ಅದು ಸಾಲದಾದರೆ ಕತ್ತಿನ ಗ್ರಂಥಿ ಊದಿ ಗಳಗಂಡ ಆಗುತ್ತೆ. ನಮ್ಮ ಚಿಕ್ಕಮಗಳೂರು, ಕೊಡಗಿನಲ್ಲೂ ಗಳಗಂಡ ಇತ್ತಲ್ಲ. 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ನೋಡಿದರು, ಊತ ಕಮ್ಮಿಯಾಗುತ್ತಾ ಬಂತು. 1962ರಲ್ಲಿ ಸರ್ಕಾರದ ಕಾರ್ಯಕ್ರಮವೇ ಶುರುವಾಯಿತು. ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು. ಅಯೋಡಿನ್ ಆರಿಹೋಗದ ಹಾಗೆ ಉಪ್ಪಿನ ಡಬ್ಬಿಗೆ ಮುಚ್ಚಳ ಬಿಗಿಯಾಗಿರಲಿ, ಅಷ್ಟೇ.

ಹಾಗಂತ ಉಪ್ಪು ಜಾಸ್ತಿ ತಿಂದರೆ ವಾಸಿಯಾಗೋ ಕಾಯಿಲೆಯಲ್ಲ ಇದು. ಅಯೋಡಿನ್ ಸಾಕಷ್ಟು ಸಿಗೋ ಕಡೆ ಹೆಚ್ಚಾಗಿ ಕಾಣೋದು ಬೇರೆ ಬಗೆ. ಮೈಯ ಕಾವಲು ಪಡೆಯೇ ಗ್ರಂಥಿಯ ಮೇಲೆ ಬೀಳುತ್ತೆ. ಜಪಾನಿನ ವೈದ್ಯ ಹಶಿಮೊಟೊ 1912ರಲ್ಲೇ ಅದನ್ನು ಗುರುತಿಸಿದ್ದರು. ಗಂಡಸರಿಗಿಂತ ಹೆಂಗಸರಿಗೇ ಇದರ ಕಾಟ ಹೆಚ್ಚು.

ನನ್ನ ಸಂಕಟ ಇರೋದು ಇಲ್ಲೇ ಕಣ್ರೀ. ಹೆಣ್ಣುಮಗಳು ಸುಸ್ತು ಅಂದರೆ ಮೈಗಳ್ಳಿ ಅಂತೀವಿ, ಮರೆತರೆ ಗಮನ ಎಲ್ಲಿದೆ ಅಂತೀವಿ, ದಪ್ಪಗಾದರೆ ಬಾಯಿ ಕಟ್ಟು ಅಂತೀವಿ. ಎಲ್ಲ ಸುಸ್ತೂ ಥೈರಾಯ್ಡ್ ಅಲ್ಲ ಸರಿ, ರಕ್ತಹೀನತೆಯೂ ಇರಬಹುದು, ನಿದ್ದೆಗೇಡೂ ಇರಬಹುದು. ಆದರೆ ಬೈಯೋ ಮೊದಲು ರಕ್ತ ಪರೀಕ್ಷೆ ಮಾಡಿಸಬಹುದಲ್ವಾ?

ಇನ್ನು ಚೆನ್ನಾಗಿದ್ದೀನಿ ಅಂತ ತಾವೇ ಮಾತ್ರೆ ನಿಲ್ಲಿಸೋರೂ ಇದ್ದಾರೆ. ಚೆನ್ನಾಗಿರೋದೇ ಮಾತ್ರೆಯಿಂದ! ಮೈಯಲ್ಲಿರೋ ಥೈರಾಕ್ಸಿನ್ ಅರ್ಧಕ್ಕಿಳಿಯೋಕೆ ವಾರ ಬೇಕು, ಅದಕ್ಕೇ ಬಿಟ್ಟದ್ದು ತಕ್ಷಣ ಗೊತ್ತಾಗಲ್ಲ. ಗರ್ಭಿಣಿಯರಿಗಂತೂ ಸಾಮಾನ್ಯವಾಗಿ ಪ್ರಮಾಣ ಹೆಚ್ಚಿಸಬೇಕಾಗುತ್ತೆ, ಗೊತ್ತಾದ ಕೂಡಲೇ ಡಾಕ್ಟರಿಗೆ ಹೇಳಬೇಕು.

ಅಂದಹಾಗೆ, ನಿಮ್ಮ ಸೊಸೆಗೆ ಆ ಸುಸ್ತು ಇನ್ನೂ ಹೋಗಿಲ್ಲ ಅಂದಿರಲ್ಲ? ಈ ವಾರವೇ ಕರ್ಕೊಂಡು ಹೋಗಿ ಬನ್ನಿ. ಮೊಮ್ಮಗು ನಮ್ಮನೇಲಿ ಆಡಿಕೊಂಡಿರಲಿ, ನಾನು ನೋಡ್ಕೋತೀನಿ.