ಪುಕ್ಕಲು ಹೆಬ್ಬಾವಿನ ಪರಿಚಾರಕರು

ಹಾವುಗಳ ಲೋಕದಲ್ಲಿ ಪುಕ್ಕಲುತನಕ್ಕೊಂದು ಬಹುಮಾನ ಇಟ್ಟರೆ ಅದು ಪಶ್ಚಿಮ ಆಫ್ರಿಕದ ಬಾಲ್ ಪೈಥಾನಿಗೇ ಸಲ್ಲಬೇಕು. ನಾಗರ ಹೆಡೆ ಎತ್ತುತ್ತದೆ. ಕೊಳಕುಮಂಡಲ ಮೂರು ಮನೆಗೆ ಕೇಳುವಂತೆ ಬುಸುಗುಡುತ್ತದೆ. ಕೇರೆಯಂಥ ಕೇರೆಯೂ ಕಾಲಿಗೆ ಬುದ್ಧಿ ಹೇಳುತ್ತದೆ, ಕಾಲಿಲ್ಲದಿದ್ದರೂ. ಬಾಲ್ ಪೈಥಾನಿಗೆ ಬಾಲದ ಬುಡದಲ್ಲಿ ಪೂರ್ವಿಕರ ಹಿಂಗಾಲಿನ ಕುರುಹಾಗಿ ಎರಡು ಪುಟ್ಟ ಉಗುರುಗಳು ಉಳಿದಿವೆಯಾದರೂ ಬುದ್ಧಿ ಹೇಳಲು ಅವು ಸಾಲವು. ಅದು ಇದ್ದಲ್ಲೇ ಮೈ ಸುತ್ತಿಕೊಂಡು ಉಂಡೆಯಾಗುತ್ತದೆ, ತಲೆಯನ್ನು ಉಂಡೆಯ ನಡುವೆ ಹುದುಗಿಸುತ್ತದೆ, ಎದುರಿಗಿರುವವರು ಬೇಸತ್ತು ಹೋಗಲಿ ಎಂದು ಕಾಯುತ್ತದೆ. ಹೆಸರಿನಲ್ಲಿ ಚೆಂಡು ಸೇರಿಕೊಂಡದ್ದು ಹೀಗೆ.

ಜಾತಿಯಲ್ಲಿ ಹೆಬ್ಬಾವೇ, ಆದರೆ ಬೆಳೆದರೆ ಮೂರರಿಂದ ಐದು ಅಡಿ. ಮೇಕೆ ನುಂಗಿದ ಹೆಬ್ಬಾವಿನ ಕಥೆ ಕೇಳಿ ಬೆಳೆದವರಿಗೆ ಇದನ್ನು ಕಂಡರೆ ನಿರಾಸೆಯಾಗುತ್ತದೆ. 1802ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ ಜಾರ್ಜ್ ಶಾ ಮಾತ್ರ ರಾಜಠೀವಿಯ ವಿಶೇಷಣವನ್ನೇ ಸೇರಿಸಿದ್ದ. ಬ್ರಿಟನ್ನಿನವರು ಇವತ್ತಿಗೂ ರಾಯಲ್ ಪೈಥಾನ್ ಎನ್ನುತ್ತಾರೆ. ಸಿಂಹಾಸನದ ಮೇಲೆ ಕೂರದೆ ಅದರ ಅಡಿಯಲ್ಲಿ ಅವಿತು ಕೂರುವ ರಾಜ ಎಂದಿಟ್ಟುಕೊಳ್ಳಬೇಕು.

ಇಂಥದ್ದನ್ನೂ ಮನೆಗೆ ತಂದು ಸಾಕುತ್ತಾರೆಯೇ? ಸಾಕುತ್ತಾರೆ, ಅದೂ ಲಕ್ಷಗಟ್ಟಲೆ ಮಂದಿ. ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ ಹಾವು ಸಾಕಲು ಹೊರಟವರ ಮೊದಲ ಆಯ್ಕೆಗಳಲ್ಲಿ ಇದೂ ಒಂದು. ಅದರಲ್ಲಿ ಏನಿದೆ ಎಂದು ಕೇಳಿದರೆ ಏನೇನಿಲ್ಲ ಎಂಬ ಉತ್ತರ ಬರುತ್ತದೆ. ವಿಷವಿಲ್ಲ. ಬೊಗಳುವುದಿಲ್ಲ, ಹಾಗಾಗಿ ಮನೆ ಮಾಲೀಕರ ಕಿವಿಗೆ ಬೀಳುವುದಿಲ್ಲ. ಸೋಫಾದ ಮೇಲೆ ಕೂದಲು ಉದುರಿಸುವುದಿಲ್ಲ. ಬೆಳಗಿನ ಜಾವ ಎಬ್ಬಿಸಿ ಬೀದಿ ಸುತ್ತಿಸುವುದಿಲ್ಲ. ಮರಿಗೆ ವಾರಕ್ಕೊಂದು ಊಟ, ದೊಡ್ಡದಕ್ಕೆ ಎರಡು ಮೂರು ವಾರಕ್ಕೊಂದು. ಗುಡಿಸಿ ತೆಗೆಯುವ ಕೆಲಸವೂ ಅದೇ ಲೆಕ್ಕದಲ್ಲಿ ಕಡಿಮೆ. ಹಾವೆಂದರೆ ಲೋಳೆಲೋಳೆ ಎಂದುಕೊಂಡವರು ಮೊದಲ ಸಲ ಮುಟ್ಟಿದಾಗ ಪೆಚ್ಚಾಗುತ್ತಾರೆ. ಮೈ ಒಣಗಿರುತ್ತದೆ, ತಣ್ಣಗೆ ನುಣುಪಾಗಿರುತ್ತದೆ. ಅಂಗೈಯಲ್ಲಿ ಸ್ವಲ್ಪ ಹೊತ್ತು ಉಂಡೆಯಾಗಿದ್ದು, ಆಮೇಲೆ ಮೂತಿ ಹೊರಗಿಟ್ಟು, ನಾಲಗೆ ಆಡಿಸಿ ಗಾಳಿಯ ವಾಸನೆ ನೋಡಿ, ಮೊಣಕೈಯತ್ತ ನಿಧಾನವಾಗಿ ಜರುಗುತ್ತದೆ. ಆ ನಿಧಾನಕ್ಕೆ ಮರುಳಾದವರು ಬಹಳ.

ಅದು ತಮ್ಮನ್ನು ಪ್ರೀತಿಸುತ್ತದೆ ಎಂದು ಕೆಲವರು ನಂಬಿದ್ದಾರೆ. ಅದು ಪ್ರೀತಿಸುವುದು ಮನುಷ್ಯನ ಮೈಯ 37 ಡಿಗ್ರಿ ಬಿಸಿಯನ್ನು. ಯಜಮಾನನ ಜಾಗದಲ್ಲಿ ಬಿಸಿನೀರಿನ ಚೀಲ ಇಟ್ಟರೂ ಬೇಸರಪಟ್ಟುಕೊಳ್ಳುವ ಲಕ್ಷಣವಿಲ್ಲ. ನಾಯಿ ಸಾಕಿದವರಿಗೆ ಇದು ಅವಮಾನ ಅನ್ನಿಸಬಹುದು. ಆದರೆ ದಿನವಿಡೀ ಆಫೀಸಿನಲ್ಲಿ ಎಲ್ಲರಿಗೂ ಹಲ್ಲು ಕಿರಿದು ಮನೆಗೆ ಬಂದವರಿಗೆ, ತಮ್ಮಿಂದ ನಗುವನ್ನೂ ಬಯಸದ ಒಂದು ಜೀವ ಮೂಲೆಯಲ್ಲಿದೆ ಎಂಬುದೇ ದೊಡ್ಡ ಸಮಾಧಾನವಿರಬೇಕು. ಈ ಹಾವಿನ ಆಕರ್ಷಣೆಯೆಲ್ಲ ಅದರ ಉದಾಸೀನದಲ್ಲಿದೆ ಎಂಬುದು ಈ ಲೇಖಕನ ಅಂದಾಜು.

ಏನೂ ಬೇಡದ ಪ್ರಾಣಿಗೆ ಎಷ್ಟೊಂದು ಬೇಕು ಎಂಬುದು ತಿಳಿಯುವುದು ಅದನ್ನು ಮನೆಗೆ ತಂದ ಮೇಲೆ. ಗೂಡಿನ ಒಂದು ಬದಿ 31, 32 ಡಿಗ್ರಿ ಬೆಚ್ಚಗಿರಬೇಕು, ಇನ್ನೊಂದು ಬದಿ 26ರ ಆಸುಪಾಸಿನಲ್ಲಿ ತಂಪಾಗಿರಬೇಕು. ಗಾಳಿಯಲ್ಲಿ ತೇವ ಶೇಕಡ 60 ಇರಬೇಕು. ಕಡಿಮೆಯಾದರೆ ಪೊರೆ ಒಂದೇ ಎಳೆಯಾಗಿ ಕಳಚದೆ ಚೂರುಚೂರಾಗಿ ಮೈಗೆ ಅಂಟಿಕೊಳ್ಳುತ್ತದೆ. ಅವಿತುಕೊಳ್ಳಲು ಬೆಚ್ಚಗಿನ ಬದಿಗೊಂದು, ತಂಪಿನ ಬದಿಗೊಂದು, ಹೀಗೆ ಎರಡು ಪೊಟರೆ ಕಡ್ಡಾಯ. ತಂಪಿನ ಬದಿಗೆ ಮಾತ್ರ ಪೊಟರೆ ಇಟ್ಟರೆ ತಿಂದದ್ದು ಅರಗದಿದ್ದರೂ ಸರಿ, ಬಯಲಿಗೆ ಬರಲಾರೆ ಎಂದು ಅಲ್ಲೇ ಕೂರುವ ಪೈಕಿ ಇದು. ತನ್ನ ಕೋಣೆಯ ಚಳಿಗೆ ಕಂಬಳಿ ಹೊದ್ದ ಯಜಮಾನ ನಡುರಾತ್ರಿ ಎದ್ದು ಹಾವಿನ ಥರ್ಮೋಸ್ಟಾಟ್ ನೋಡಿ ಬರುತ್ತಾನೆ.

ಊಟದ ಪ್ರಕರಣ ಇನ್ನೂ ಸ್ವಾರಸ್ಯದ್ದು. ಆ ದೇಶಗಳಲ್ಲಿ ಹಾವಿನ ಆಹಾರಕ್ಕೆಂದೇ ಬೆಳೆಸಿದ ಇಲಿಗಳು ಹೆಪ್ಪುಗಟ್ಟಿಸಿದ ರೂಪದಲ್ಲಿ, ಗಾತ್ರವಾರು ಪ್ಯಾಕೆಟ್ಟುಗಳಲ್ಲಿ ಸಿಗುತ್ತವೆ. ಕೂದಲು ಮೂಡದ ಮರಿ ಪಿಂಕಿ, ತುಸು ರೋಮ ಬಂದದ್ದು ಫಜ್ಜಿ, ಕುಪ್ಪಳಿಸುವ ವಯಸ್ಸಿನದು ಹಾಪರ್. ಫ್ರೀಜರಿನಲ್ಲಿ ಬಟಾಣಿಯ ಪಕ್ಕ ಇವು ಮಲಗಿರುತ್ತವೆ. ಎಷ್ಟೋ ಮನೆಗಳಲ್ಲಿ ನಿಜವಾದ ಜಗಳ ಹಾವಿನ ಬಗ್ಗೆ ಅಲ್ಲ, ಈ ಪ್ಯಾಕೆಟ್ಟಿನ ಬಗ್ಗೆ. ಊಟದ ದಿನ ಇಲಿಯನ್ನು ಕವರಿಗೆ ಹಾಕಿ ಬಿಸಿನೀರಿನಲ್ಲಿ ಅದ್ದಿ ಕರಗಿಸಬೇಕು. ಹಾವಿನ ತುಟಿಯಂಚಿನ ಸಾಲು ಕುಳಿಗಳು ಬಿಸಿಯನ್ನು ಗ್ರಹಿಸುವುದರಿಂದ ಇಲಿ ಉಗುರುಬೆಚ್ಚಗಿದ್ದರೆ ಸಾಲದು, ಬದುಕಿದ್ದಷ್ಟು ಬಿಸಿಯಿರಬೇಕು. ಕೆಲವರು ಅದರ ತಲೆಗೆ ಹೇರ್ ಡ್ರೈಯರ್ ಹಿಡಿಯುತ್ತಾರೆ. ಆಮೇಲೆ ಉದ್ದನೆಯ ಚಿಮುಟದಲ್ಲಿ ಇಲಿಯನ್ನು ಹಿಡಿದು, ಜೀವವಿದೆ ಎಂಬ ಭ್ರಮೆ ಬರುವಂತೆ ಹಾವಿನ ಮುಂದೆ ಕುಣಿಸಬೇಕು. ಹಸಿದಿದ್ದರೆ ಹಾವು ಕಣ್ಣು ಮಿಟುಕಿಸುವುದರೊಳಗೆ ಎರಗಿ, ಮೂರು ಸುತ್ತು ಸುತ್ತಿ, ಎಂದೋ ಸತ್ತ ಇಲಿಯನ್ನು ನಿಮಿಷಗಟ್ಟಲೆ ಅತ್ಯಂತ ಶ್ರದ್ಧೆಯಿಂದ ಕೊಲ್ಲುತ್ತದೆ. ಯಜಮಾನನ ಎದೆ ಉಬ್ಬುತ್ತದೆ.

ಆದರೆ ಹಸಿವೆಯೇ ಇಲ್ಲದಿದ್ದರೆ? ಬಾಲ್ ಪೈಥಾನಿನ ಉಪವಾಸ ಹಾವು ಸಾಕುವವರ ನಡುವೆ ಹೆಸರುವಾಸಿ. ಚಳಿಗಾಲ ಬಂತು, ಬೆದೆಯ ಕಾಲ ಬಂತು, ಗೂಡು ಬದಲಾಯಿತು, ಅಥವಾ ಕಾರಣವೇ ಇಲ್ಲ, ಊಟ ಬಿಟ್ಟಿತು. ಒಂದು ವಾರ, ಎರಡು ವಾರ, ತಿಂಗಳುಗಟ್ಟಲೆ. ನಮ್ಮ ಮಠಗಳ ಏಕಾದಶಿ ಇದರ ಮುಂದೆ ಫಲಾಹಾರದ ಲೆಕ್ಕ. ಯಜಮಾನ ಅಡುಗೆಮನೆಯ ತೂಕದ ಯಂತ್ರ ತಂದು ಹಾವನ್ನು ಡಬ್ಬಿಯಲ್ಲಿಟ್ಟು ಗ್ರಾಂ ಲೆಕ್ಕದಲ್ಲಿ ತೂಗುತ್ತಾನೆ, ನೋಟುಬುಕ್ಕಿನಲ್ಲಿ ಬರೆಯುತ್ತಾನೆ, ಇಲಿಯ ಬದಲು ಚಿಟ್ಟಿಲಿ, ಚಿಟ್ಟಿಲಿಯ ಬದಲು ಕೋಳಿಮರಿ ಹಿಡಿದು ಓಲೈಸುತ್ತಾನೆ. ತೂಕ ಇಳಿಯದಿದ್ದರೆ ಸುಮ್ಮನಿರಿ ಎಂದು ಪಶುವೈದ್ಯರು ಹೇಳುತ್ತಾರೆ. ಸುಮ್ಮನಿರಲು ಬರುವುದು ಹಾವಿಗೆ ಮಾತ್ರ. ಹಸಿದದ್ದು ಯಜಮಾನನೇ, ಈ ಗಲಾಟೆಯಲ್ಲಿ ಅವನ ರಾತ್ರಿಯ ಊಟ ತಪ್ಪಿರುತ್ತದೆ.

ಪರಿಚಾರಿಕೆಯ ವಿಷಯದಲ್ಲಿ ಇದರ ತವರೂರೂ ಹಿಂದೆ ಬಿದ್ದಿಲ್ಲ. ಬೆನಿನ್ ದೇಶದ ವಿಡಾ ಪಟ್ಟಣದಲ್ಲಿ, ದೊಡ್ಡ ಕ್ಯಾಥೊಲಿಕ್ ಬೆಸಿಲಿಕಾದ ಎದುರಿಗೇ, ಹೆಬ್ಬಾವುಗಳ ಗುಡಿಯೊಂದಿದೆ. ಒಳಗೆ ಹತ್ತಾರು ಬಾಲ್ ಪೈಥಾನ್‌ಗಳು ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಪ್ರವಾಸಿಗರು ಕೊರಳಿಗೆ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಹೊಟ್ಟೆ ಹೊರೆಯಲು ಆಗಾಗ ರಾತ್ರಿ ಹೊತ್ತು ಅವುಗಳನ್ನು ಹೊರಗೆ ಬಿಡುತ್ತಾರೆ. ಯಾರದೋ ಮನೆ ಹೊಕ್ಕ ಹಾವನ್ನು ಆ ಮನೆಯವರು ಮರ್ಯಾದೆಯಿಂದ ಎತ್ತಿ ತಂದು ಗುಡಿಗೆ ಮುಟ್ಟಿಸುತ್ತಾರೆ. ನೈಜೀರಿಯದ ಅನಾಂಬ್ರ ಪ್ರಾಂತದ ಕೆಲವು ಇಗ್ಬೊ ಊರುಗಳಲ್ಲಿ ಕೈತಪ್ಪಿ ಹೆಬ್ಬಾವನ್ನು ಕೊಂದವರು ಶವಪೆಟ್ಟಿಗೆ ಮಾಡಿಸಿ ಅಂತ್ಯಕ್ರಿಯೆ ನಡೆಸಬೇಕು. ಕುಕ್ಕೆಯಲ್ಲಿ ಸರ್ಪಸಂಸ್ಕಾರಕ್ಕೆ ಸರದಿಯಲ್ಲಿ ನಿಂತವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಚಿನುವಾ ಅಚೆಬೆಯವರ 1964ರ ಕಾದಂಬರಿ ‘ಆ್ಯರೋ ಆಫ್ ಗಾಡ್’ನಲ್ಲಿ ಪೂಜಾರಿಯ ಮಗನೊಬ್ಬ ಪವಿತ್ರ ಹೆಬ್ಬಾವನ್ನು ತನ್ನ ಮರದ ಪೆಟ್ಟಿಗೆಯಲ್ಲಿ ಕೂಡಿಹಾಕುತ್ತಾನೆ, ಊರಿಗೆ ಊರೇ ಅಲ್ಲೋಲಕಲ್ಲೋಲವಾಗುತ್ತದೆ. ಅದೇ ಹಾವನ್ನು ಪೆಟ್ಟಿಗೆಯಲ್ಲಿ ಕೂಡಿಹಾಕುವುದು ಇಂದು ಒಂದು ಉದ್ಯಮ.

ಉದ್ಯಮಕ್ಕೆ ರಂಗು ಬಂದದ್ದು 1992ರಲ್ಲಿ. ಅಮೆರಿಕದ ಒಕ್ಲಹೋಮದ ಬಾಬ್ ಕ್ಲಾರ್ಕ್ ಅವರ ಬಳಿ ಆ ವರ್ಷ ಹಳದಿ ಬಿಳಿ ಬಣ್ಣದ ಆಲ್ಬಿನೊ ಮರಿಗಳು ಹುಟ್ಟಿದವು. ಈ ಬಣ್ಣ ತಲೆಮಾರಿಗೆ ಇಳಿಯುತ್ತದೆ ಎಂದು ಖಾತ್ರಿಯಾದದ್ದೇ ತಡ, ಕಂದು ಕಪ್ಪು ಮೈಯ ಬಡಪಾಯಿ ಹಾವು ಬಂಡವಾಳವಾಯಿತು. 1997ರಲ್ಲಿ ಅಚ್ಚಬಿಳಿ ಮೈಮೇಲೆ ಅಲ್ಲಲ್ಲಿ ಬಣ್ಣದ ತುಂಡುಗಳಿರುವ ಪೈಬಾಲ್ಡ್ ಬಂತು. ಶುರುವಿನಲ್ಲಿ ಕಾರಿನ ಬೆಲೆಗೆ ಮಾರಾಟವಾದ ಅದು ಇಂದು ಕೆಲವು ನೂರು ಡಾಲರಿಗೆ ಸಿಗುತ್ತದೆ; ರಾಗಿಯ ಧಾರಣೆಗೂ ಹಾವಿನ ಧಾರಣೆಗೂ ಇಳುವರಿಯೇ ಶತ್ರು. ಈಗ ಇಂಥ ಬಣ್ಣದ ತಳಿಗಳು, ಅಂದರೆ ಮಾರ್ಫ್‌ಗಳು ಸಾವಿರಾರು. ಬನಾನಾ, ಬಟರ್, ಸಿನಮನ್, ಕ್ಯಾರಮೆಲ್, ಟಾಫಿ, ಮೋಕಾ ಎಂದು ಹೆಸರುಗಳನ್ನು ಓದುತ್ತ ಹೋದರೆ ಬೇಕರಿಯ ದರಪಟ್ಟಿ ಓದಿದ ಹಾಗಾಗುತ್ತದೆ. ಜರ್ಮನಿಯ ಹಾಮ್ ಪಟ್ಟಣದ ಸರೀಸೃಪ ಮೇಳದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗಳು ಮೇಜಿನ ಮೇಲೆ ಸಾಲಾಗಿ ಕೂತಿರುತ್ತವೆ. ಒಂದೊಂದರಲ್ಲೂ ಒಂದೊಂದು ಸುರುಳಿ, ಮುಚ್ಚಳದ ಮೇಲೆ ವಂಶವಾಹಿಗಳ ಪಟ್ಟಿ ಮತ್ತು ಬೆಲೆ. ಗಂಡಿನ ಗೋತ್ರ, ಹೆಣ್ಣಿನ ಗೋತ್ರ ನೋಡಿ, ಯಾವ ವಂಶಕ್ಕೆ ಯಾವುದು ಕೂಡಿದರೆ ಎಂಥ ಮರಿ ಎಂದು ಲೆಕ್ಕ ಹಾಕುವವರು ನಮ್ಮ ಮದುವೆ ದಲ್ಲಾಳಿಗಳನ್ನೂ ಮೀರಿಸಿದ್ದಾರೆ.

ಈ ಗೋತ್ರ ಕೂಡಿಸುವಿಕೆಯಲ್ಲಿ ಅಪಚಾರವೂ ಆಗಿದೆ. ಸ್ಪೈಡರ್ ಎಂಬ ಮಾರ್ಫಿನ ಮೈಮೇಲೆ ತೆಳುವಾದ ಕಪ್ಪು ಗೆರೆಗಳ ಜಾಲ, ನೋಡಲು ಬಹಳ ಚೆಂದ. ಆದರೆ ಅದರ ತಲೆ ನಡುಗುತ್ತದೆ, ಕುತ್ತಿಗೆ ತಿರುಚಿಕೊಳ್ಳುತ್ತದೆ, ಕೆಲವಕ್ಕೆ ಮೇಲು ಕೆಳಗು ತಿಳಿಯದೆ ಇಲಿಯತ್ತ ಎರಗಿದ್ದೂ ಗುರಿ ತಪ್ಪುತ್ತದೆ. ಒಳಗಿವಿಯ ರಚನೆಯಲ್ಲೇ ದೋಷವಿದೆ ಎಂದು 2022ರ ಸೂಕ್ಷ್ಮ ಸಿ.ಟಿ. ಸ್ಕ್ಯಾನ್ ಅಧ್ಯಯನವೊಂದು ತೋರಿಸಿತು. ಬ್ರಿಟನ್ನಿನ ಇಂಟರ್‌ನ್ಯಾಷನಲ್ ಹರ್ಪಟಲಾಜಿಕಲ್ ಸೊಸೈಟಿ ತನ್ನ ಮೇಳಗಳಲ್ಲಿ ಅದರ ಮಾರಾಟವನ್ನು ಅದಕ್ಕೂ ಮೊದಲೇ ನಿಲ್ಲಿಸಿತ್ತು. ಚರ್ಮದ ಚೆಂದಕ್ಕಾಗಿ ತಲೆಸುತ್ತನ್ನು ತಳಿ ಮಾಡಿ ಮಾರುವುದರಲ್ಲಿ ನಗುವಂಥದ್ದೇನೂ ಇಲ್ಲ.

ಕಾಡಿನಿಂದ ಹೋದದ್ದೂ ಕಡಿಮೆಯಲ್ಲ. ಟೋಗೊ, ಘಾನಾ, ಬೆನಿನ್‌ಗಳಲ್ಲಿ ಬಸುರಿ ಹಾವುಗಳನ್ನು ಬಿಲದಿಂದ ಅಗೆದು ತಂದು, ಮೊಟ್ಟೆ ಇಡಿಸಿ, ಮರಿಗಳನ್ನು ರಫ್ತು ಮಾಡುವುದು ಹಳೆಯ ಪದ್ಧತಿ. 1975ರಿಂದೀಚೆಗೆ ಪಶ್ಚಿಮ ಆಫ್ರಿಕದಿಂದ ಕಾನೂನುಬದ್ಧವಾಗಿಯೇ ಹೊರಗೆ ಹೋದವು 30 ಲಕ್ಷಕ್ಕೂ ಹೆಚ್ಚು.

ಬೆಂಗಳೂರಿಗೂ ಈ ರಂಗಿನ ಹುಚ್ಚು ತಲುಪಿದೆ, ಅದೂ ಸೂಟ್‌ಕೇಸಿನಲ್ಲಿ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬಂದ ವಿಮಾನವೊಂದರ ಲಗೇಜಿನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಗೆ ಬಗೆಬಗೆಯ ಬಣ್ಣದ 55 ಬಾಲ್ ಪೈಥಾನ್‌ಗಳು ಸಿಕ್ಕವು, ಜೊತೆಗೆ 17 ಕಾಳಿಂಗ ಸರ್ಪಗಳು. ಆರು ಕ್ಯಾಪುಚಿನ್ ಕೋತಿಗಳು ಸತ್ತಿದ್ದವು. ಉಪ್ಪಿನಕಾಯಿ ಭರಣಿ ಬಿಚ್ಚಿಸಿ ನೋಡಿ ಅಭ್ಯಾಸವಾದ ಕೈಗಳು ಆ ಚೀಲ ತೆರೆದ ಗಳಿಗೆಯನ್ನು ಊಹಿಸಿಕೊಂಡರೇ ಬೆವರು ಬರುತ್ತದೆ. ನಮ್ಮ ನೆಲದ ಹೆಬ್ಬಾವನ್ನು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಮೊದಲ ಪರಿಶಿಷ್ಟದಲ್ಲೇ ಇಟ್ಟಿದೆ. ಪರದೇಶದ ಹಾವಿಗೂ ಈಗ ಕಾಗದಪತ್ರ ಬೇಕು. 2022ರ ತಿದ್ದುಪಡಿಯ ಬಳಿಕ, 2024ರ ನಿಯಮಗಳ ಪ್ರಕಾರ, ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಹುತ್ತಕ್ಕೆ ಹಾಲೆರೆಯಲು ಮಾತ್ರ ಇನ್ನೂ ಯಾವ ಅರ್ಜಿಯೂ ಬೇಕಾಗಿಲ್ಲ, ಹಾವು ಹಾಲು ಕುಡಿಯದಿದ್ದರೂ.

ಕೊಳ್ಳುವವರು ಬೆಲೆ ಕೇಳುತ್ತಾರೆ, ಬಣ್ಣ ಕೇಳುತ್ತಾರೆ, ಆಯುಸ್ಸು ಕೇಳುವುದನ್ನು ಮರೆಯುತ್ತಾರೆ. ಚೆನ್ನಾಗಿ ನೋಡಿಕೊಂಡರೆ ಬಾಲ್ ಪೈಥಾನ್ 20, 30 ವರ್ಷ ಆರಾಮವಾಗಿ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಯಾರೋ ಖಾಸಗಿಯವರು ಕೊಟ್ಟ ಹೆಣ್ಣೊಂದು 2020ರ ಜುಲೈನಲ್ಲಿ, 62 ವರ್ಷ ದಾಟಿದ ಮೇಲೆ, ಏಳು ಮೊಟ್ಟೆ ಇಟ್ಟಿತು. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅದರ ಹತ್ತಿರ ಒಂದು ಗಂಡೂ ಸುಳಿದಿರಲಿಲ್ಲ. ಗಂಡಿನ ನೆರವಿಲ್ಲದೆ ಸಂತಾನ ಪಡೆಯುವುದು ಹಾವುಗಳಲ್ಲಿ ಅಪರೂಪಕ್ಕೆ ಉಂಟು, ವೀರ್ಯವನ್ನು ವರ್ಷಗಟ್ಟಲೆ ಕಾಪಿಟ್ಟುಕೊಳ್ಳುವುದೂ ಉಂಟು. ಎರಡರಲ್ಲಿ ಯಾವುದು ಎಂದು ತಿಳಿಯಲು ಮೃಗಾಲಯದವರು ಎರಡು ಮೊಟ್ಟೆಗಳನ್ನು ಪರೀಕ್ಷೆಗೆ ತೆಗೆದಿಟ್ಟರು. ಇಪ್ಪತ್ತೈದರ ಹುರುಪಿನಲ್ಲಿ ಬನಾನಾ ಮರಿ ತಂದವನು ನಿವೃತ್ತಿಯ ಹೊತ್ತಿಗೆ ಅದನ್ನು ಯಾರ ಕೈಗೆ ಒಪ್ಪಿಸುವುದು ಎಂದು ಈಗಲೇ ಮನೆಯಲ್ಲಿ ಮಾತಾಡಿಟ್ಟುಕೊಳ್ಳುವುದು ಕ್ಷೇಮ. ಮಗನನ್ನು ಕೇಳುವ ಮೊದಲು ಸೊಸೆಯನ್ನು ಕೇಳಬೇಕು; ಫ್ರೀಜರ್ ಅವಳ ವಶದಲ್ಲಿರುತ್ತದೆ.